ಒಂದು ವರ್ಷ ಕೂಡಿಟ್ಟ ಎಸೆತ

ಆ ದಿನ ಬೆಳಕು ಹರಿಯುವ ಮೊದಲೇ ಎದ್ದು ಎಮ್ಮೆಗೆ ಕಣಿಕೆ ಹಾಕಿದೆ. ಬಾವಿಯಿಂದ ನೀರು ತಂದು ಹಂಡೆ ತುಂಬಿಸಿದೆ. ಪ್ಯಾಂಟಿನ ಗುಂಡಿ ಸಡಿಲಾಗಿತ್ತು, ಹೊಲಿದೆ. ಕ್ಯಾನ್ವಾಸ್ ಬೂಟು ಬೆಳ್ಳಗೆ ಕಾಣಲೆಂದು ಸೀಮೆಸುಣ್ಣದ ಖಡಿ ಅರೆದು ಹಚ್ಚಿ ಅಂಗಳದ ಕಲ್ಲಿನ ಮೇಲೆ ಒಣಗಲು ಇಟ್ಟೆ. ಮನೆಯಾಕೆ ಕುಸುಬಿ ಎಣ್ಣೆ ಬಿಸಿ ಮಾಡಿ ಕೊಟ್ಟಳು, ಬಲಭುಜಕ್ಕೆ ತಿಕ್ಕಿಕೊಂಡೆ. ಅದರ ಮೇಲೆ ಎಲುಬು ಕಟ್ಟುವವನು ಕೊಟ್ಟ ಹಸಿರು ಲೇಪ ಬಳಿದು, ಬಿಳಿ ಬಟ್ಟೆಯ ಪಟ್ಟಿ ಸುತ್ತಿ, ಅಂಗಿಯ ಕೊರಳಿನಿಂದ ಅದರ ಅಂಚು ಹೊರಗೆ ಕಾಣುವ ಹಾಗೆ ಎಳೆದು ಬಿಟ್ಟೆ. ಭುಜಕ್ಕೆ ಏನೂ ಆಗಿರಲಿಲ್ಲ. ಪಟ್ಟಿ ಇದ್ದದ್ದು ನೋಡುವವರಿಗಾಗಿ, ಅದರಲ್ಲೂ ಅಂದು ಜಮಖಂಡಿಯಿಂದ ಬರಲಿದ್ದ ಒಬ್ಬರಿಗಾಗಿ.

ಆ ಒಬ್ಬರು ವಕೀಲರು. ಅವರಿಗಾಗಿ ನಾನು ಒಂದು ವರ್ಷ ಕಾದಿದ್ದೆ.

ನಾನು ಕ್ರಿಕೆಟ್ ಆಡಿ ಪಗಾರ ತಿಂದವನು. ಬ್ಯಾಟು ನನಗೆ ಅಷ್ಟಕ್ಕಷ್ಟೇ, ಬೌಲಿಂಗು ಬಾರದು. ದೂರದ ಗೆರೆಯ ಹತ್ತಿರ ನಿಂತು ಬಂದ ಚೆಂಡನ್ನು ಹಿಡಿಯುವುದು, ಹಿಡಿದದ್ದನ್ನು ತಿರುಗಿ ಒಗೆಯುವುದು, ಇಷ್ಟೇ ನನ್ನ ಕಸುಬು. ಈ ಕೈ ಮೈದಾನದಲ್ಲಿ ಬಂದದ್ದಲ್ಲ. ನಮ್ಮ ಮನೆತನ ಕುರಿ ಕಾಯುವ ಮನೆತನ. ಹಿಂಡು ಯಾರದೋ ಜೋಳದ ಹೊಲಕ್ಕೆ ತಿರುಗಿದರೆ ಓಡಿಹೋಗಿ ಅಡ್ಡ ನಿಲ್ಲಲು ಆಗುವುದಿಲ್ಲ. ಮುಂದಿನ ಕುರಿಯ ಮೂತಿಯ ಎದುರಿಗೆ ಒಂದು ಕಲ್ಲು ಬೀಳಬೇಕು. ಕುರಿಗೆ ತಾಗಿದರೆ ಅಪ್ಪನ ಕೈಯ ಬಡಿಗೆ ನಮ್ಮ ಬೆನ್ನಿಗೆ ತಾಗುತ್ತಿತ್ತು. ಹಾಗೆ ಕಲಿತ ಎಸೆತವನ್ನು ನೋಡಿ ಜಮಖಂಡಿ ಸಂಸ್ಥಾನದ ಕಾಲದಲ್ಲಿ ಅರಮನೆಯ ಟೀಮಿಗೆ ಕರೆದುಕೊಂಡರು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲೆ ಆಟ ಒಂದು ಕ್ಲಬ್ಬಿನ ಕೈಗೆ ಬಂತು. ಕ್ಲಬ್ಬು ವಕೀಲರ ಕೈಯಲ್ಲಿತ್ತು. ಅವರೇ ಕ್ಯಾಪ್ಟನ್.

ನಡೆದದ್ದು ಮುಧೋಳದ ಮ್ಯಾಚಿನಲ್ಲಿ. ಕೊನೆಯ ಹೊತ್ತು, ಚೆಂಡು ಮುಗಿಲಿಗೆ ಏರಿತು. ನಾನು ಅದರ ಕೆಳಗೆ ಬಂದು ನಿಂತಿದ್ದೆ. ವಕೀಲರು ಒಳಗಿನಿಂದ ಓಡಿ ಬರುತ್ತ, “ನಂದು, ನಂದು, ಸರೀ,” ಅಂದರು. ಕ್ಯಾಪ್ಟನ್ ಅಂದ ಮೇಲೆ ಸರಿಯಬೇಕು, ಸರಿದೆ. ಅವರಿಗೆ ಬಿಸಿಲು ಕಣ್ಣಿಗೆ ಹೊಡೆದಿರಬೇಕು, ತಲೆ ತಗ್ಗಿಸಿಬಿಟ್ಟರು. ಚೆಂಡು ಇಬ್ಬರ ನಡುವೆ ಬಿತ್ತು. ಮ್ಯಾಚು ಹೋಯಿತು. ಇಷ್ಟೇ ಆಗಿದ್ದರೆ ನಾನು ಮರೆಯುತ್ತಿದ್ದೆ. ಡೇರೆಯಲ್ಲಿ ಎರಡೂ ಕಡೆಯ ಮಂದಿ ಚಹಾ ಕುಡಿಯುತ್ತ ಕೂತಾಗ ಅವರು ನನ್ನನ್ನು ತೋರಿಸಿ ಹೇಳಿದರು.

“ಇಂವನ ಕಣ್ಣು ಹೋಗ್ಯಾವ. ತಿರುಗಿ ಕುರಿ ಕಾಯಾಕ ಹೋಗಲಿ. ಕುರಿ ದೊಡ್ಡೂ ಇರತಾವ, ಕಾಣತಾವ.”

ಮಂದಿ ನಕ್ಕರು. ನಗು ನಿಂತ ಮೇಲೆ ಇನ್ನೊಂದು ಮಾತು ಸೇರಿಸಿದರು. “ಬೂಟು ಕ್ಲಬ್ಬಿನವು. ಬಿಚ್ಚಿಟ್ಟು ಹೋಗು.”

ಬಿಚ್ಚಿಟ್ಟೆ. ಹೇಗೂ ಒಂದಳತೆ ಸಣ್ಣವು, ಹೆಬ್ಬೆರಳು ಕಚ್ಚುತ್ತಿದ್ದವು. ಬಸ್ ಸ್ಟ್ಯಾಂಡಿನವರೆಗೆ ಬರಿಗಾಲಲ್ಲಿ ನಡೆದೆ. ದಾರಿಯುದ್ದಕ್ಕೂ ಆ ನಗು ಹಿಂದೆ ಹಿಂದೆ ಬಂತು.

ಆಮೇಲೆ ತಿಳಿಯಿತು, ಬೂಟಿಗಿಂತ ಆ ಮಾತು ದೊಡ್ಡದು ಎಂದು. ಮಹಾಲಿಂಗಪುರದ ಟೀಮಿನಲ್ಲಿ ಜಾಗ ಕೇಳಿದೆ, ಬೀಳಗಿಯಲ್ಲಿ ಕೇಳಿದೆ. ಎಲ್ಲರೂ ಚಹಾ ಕುಡಿಸಿದರು, ನನ್ನ ಕಣ್ಣನ್ನೇ ನೋಡುತ್ತ ಮಾತಾಡಿದರು, ಮುಂದೆ ನೋಡೋಣ ಅಂದರು. ಕೊನೆಗೆ ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕಿಸುವ ಸಾವಕಾರರೊಬ್ಬರು ಕರೆದರು. ಅವರಿಗೆ ಆಟದ ಹುಚ್ಚು. ಬಣ್ಣದ ಮನೆಯಲ್ಲಿ ನೂಲಿನ ಲಡಿಗಳನ್ನು ಬಿದಿರಿಗೆ ಹಾಕಿ ಒಣಗಿಸುವ ಕೆಲಸ, ಅದರ ಜೊತೆ ಟೀಮಿನಲ್ಲಿ ಒಂದು ಜಾಗ. ಒಂದು ಹೋದರೆ ಇನ್ನೊಂದೂ ಹೋಯಿತು ಎಂದು ಮೊದಲೇ ಹೇಳಿದ್ದರು. ಎಮ್ಮೆ, ಹಂಡೆ, ಕಂಬಳಿಗಳೊಂದಿಗೆ ನಾವಿಬ್ಬರು ಬನಹಟ್ಟಿಗೆ ಬಂದೆವು.

ಹೊಸ ಟೀಮಿನ ಮೊದಲನೆಯ ಮ್ಯಾಚಿನ ಹಿಂದಿನ ದಿನ ಹಸಿ ಲಡಿಗಳ ಹೊರೆ ಎತ್ತಿ ಬೆನ್ನು ಹಿಡಿದುಕೊಂಡಿತ್ತು. ಹಾಗಾಗಿ ನನ್ನ ಎಸೆತಗಳು ಸತ್ತ ಕಾಗೆಯಂತೆ ಅರ್ಧ ದಾರಿಯಲ್ಲಿ ಬಿದ್ದವು. ಮಾರನೆಯ ದಿನ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತಿದ್ದೆ. ಜಮಖಂಡಿ ಬಸ್ಸಿನ ಕಂಡಕ್ಟರು ಇಳಿದು ಬಂದವನೇ ಕೇಳಿದ, “ಏನ್ರೀ, ಕಣ್ಣಿನ ಕೂಡ ಭುಜಾನೂ ಹೋತಂತಲ್ಲ? ವಕೀಲಸಾಹೇಬ್ರು ನಕ್ಕೋತ ಹೇಳಾಕತ್ತಿದ್ರು.”

ನನ್ನ ಬಾಯಲ್ಲಿ ಇಲ್ಲ ಎಂಬ ಮಾತು ಬಂದಿತ್ತು. ಬಸಿಯಲ್ಲಿದ್ದ ಚಹಾ ಊದಿ ಕುಡಿದೆ. ಕುಡಿದು ಮುಗಿಯುವಷ್ಟರಲ್ಲಿ ಮನಸ್ಸು ತಿರುಗಿತ್ತು. “ಹೌದಪಾ, ಎತ್ತಾಕ ಬರವಲ್ದು,” ಅಂದೆ.

ಯಾಕೆಂದರೆ ವಕೀಲರ ಆಟ ನನಗೆ ಗೊತ್ತಿತ್ತು. ಬೌಲರನ ತಲೆಯ ಮೇಲಿಂದ ನೆಟ್ಟಗೆ ಹೊಡೆಯುವುದು ಅವರ ನೆಚ್ಚಿನ ಹೊಡೆತ. ಅಲ್ಲಿ ಗೆರೆ ಕಾಯುವವನ ಕೈ ಗಟ್ಟಿ ಇದ್ದರೆ ಒಂದು ರನ್ನಿಗೆ ನಿಲ್ಲುತ್ತಾರೆ, ಮೆತ್ತಗಿದ್ದರೆ ಎರಡನೆಯದಕ್ಕೆ ತಿರುಗುತ್ತಾರೆ. ಎರಡನೆಯ ರನ್ನಿಗೆ ಅವರು ಹಿಂದಿರುಗಿ ಬರುವುದು ವಿಕೆಟ್ ಕೀಪರನ ತುದಿಗೆ, ಅಂದರೆ ನನ್ನಿಂದ ದೂರದ ತುದಿಗೆ. ಗೆರೆಯಿಂದ ಅಲ್ಲಿಗೆ ಒಂದೇ ಪುಟಿತದಲ್ಲಿ ಚೆಂಡು ಮುಟ್ಟಿಸುವವರು ಆಗ ಈ ಸೀಮೆಯಲ್ಲಿ ನಾನೊಬ್ಬನೇ. ನನ್ನ ಭುಜ ಹೋಗಿದೆ ಎಂದು ನಂಬಿದರೆ ಅವರು ಓಡುವುದಿಲ್ಲ, ನಡೆಯುತ್ತಾರೆ. ಸೊಕ್ಕಿದ್ದವರು ಹಾಗೇ.

ಅಂದಿನಿಂದ ಮ್ಯಾಚಿನಲ್ಲಿ ಒಂದೂ ಎಸೆತ ಸರಿಯಾಗಿ ಒಗೆಯಲಿಲ್ಲ. ಚೆಂಡು ಹಿಡಿಯುತ್ತಿದ್ದೆ, ಓಡುತ್ತಿದ್ದೆ, ಕ್ಯಾಚು ಬಿಡುತ್ತಿರಲಿಲ್ಲ. ಒಗೆಯುವಾಗ ಮಾತ್ರ ಮುಖ ಕಿವಿಚಿ, ಕೆಳಗಿನಿಂದ ಕೈ ಬೀಸಿ, ಹತ್ತಿರದವನಿಗೆ ಉರುಳಿಸುತ್ತಿದ್ದೆ. ರಬಕವಿಯ ಎಲುಬು ಕಟ್ಟುವವನ ಹತ್ತಿರ ಹೋಗಿ ಪಟ್ಟಿ ಕಟ್ಟಿಸಿಕೊಂಡೆ. ಅವನ ಮನೆ ಬಸ್ಸಿನ ರಸ್ತೆಯ ಮೇಲೆಯೇ ಇತ್ತು, ಬೇಕೆಂದೇ ಕಟ್ಟೆಯ ಮೇಲೆ ಕೂತು ಕಟ್ಟಿಸಿಕೊಂಡೆ. ಅವನು ಭುಜ ಒತ್ತಿ ನೋಡಿ ಮೆಲ್ಲಗೆ ಒಂದು ಮಾತು ಹೇಳಿದ.

“ನಿಮಗ ಈಗ ನೋವಿಲ್ಲ, ನನಗ ತಿಳೀತೈತಿ. ಯಾಕ ಬಂದೀರೋ ನಿಮಗ ಗೊತ್ತು. ಆದ್ರ ಒಳಗ ಒಂದು ನರ ಖರೇನ ಸವದೈತಿ. ಹಗೂರ ಒಗೀರಿ, ನಡೀತೈತಿ. ಜಗ್ಗಿ ಒಗದ್ರ ಹರೀತೈತಿ.”

ಪುಟಿಸಿ ಒಗೆಯುವುದಕ್ಕೆ ಜಗ್ಗುವುದು ಬೇಕಿರಲಿಲ್ಲ. ಬೆಳಿಗ್ಗೆ ಎಮ್ಮೆಯನ್ನು ಹೊಡೆದುಕೊಂಡು ಚಿಮ್ಮಡದ ದಾರಿಯ ಬೀಳು ಹೊಲಕ್ಕೆ ಹೋಗುತ್ತಿದ್ದೆವು. ಅಲ್ಲಿ ಒಂದು ಗೂಟ ನೆಟ್ಟಿದ್ದೆ, ಗೂಟದ ಮುಂದೆ ಹಳೆಯ ಚಾಪೆ ಹಾಸಿದ್ದೆ. ನಾನು ದೂರದಿಂದ ಒಗೆಯುವುದು, ಚೆಂಡು ಚಾಪೆಯ ಮೇಲೆ ಒಮ್ಮೆ ಪುಟಿದು ಗೂಟಕ್ಕೆ ಬಡಿಯುವುದು. ಮನೆಯಾಕೆ ಹುಲ್ಲು ಕೊಯ್ಯುತ್ತ, ಚೆಂಡು ಬಂದಾಗೊಮ್ಮೆ ಎದ್ದು ಅದನ್ನು ತಿರುಗಿ ಒಗೆಯುತ್ತಿದ್ದಳು. ನಾನು ಹೇಳಿಕೊಟ್ಟವನಲ್ಲ, ಆದರೂ ಅವಳ ಕೈಯೂ ಚೆನ್ನಾಗಿಯೇ ಇತ್ತು. ಅವಳದ್ದೂ ಕುರಿಯ ಮನೆಯೇ. ಒಮ್ಮೆ ಸೊಂಟದ ಮೇಲೆ ಕೈಯಿಟ್ಟು ಅಂದಳು, “ಆ ವಕೀಲರು ನಿಮ್ಮನ್ನ ಮರತು ಯಾವ ಕಾಲ ಆತೋ. ನೀವ ದಿನಾ ಅವ್ರಿಗೆ ಬುತ್ತಿ ಕಟಗೊಂಡು ಹೊಂಟೀರಿ.”

ಮರೆತಿದ್ದರೆ ನೆನಪು ಮಾಡಿಕೊಡಬೇಕು ಅಂದೆ. ಅವಳು ಹುಲ್ಲಿನ ಹೊರೆ ಕಟ್ಟಿದಳು. ರಾತ್ರಿ ಅವಳು ತಲೆ ಇಟ್ಟ ಕೂಡಲೇ ನಿದ್ದೆ ಹೋಗುತ್ತಿದ್ದಳು. ನಾನು ಮನಸ್ಸಿನಲ್ಲೇ ಮತ್ತೆ ಆ ಡೇರೆಯಲ್ಲಿ ಬೂಟು ಬಿಚ್ಚುತ್ತ ಎಷ್ಟೋ ಹೊತ್ತು ಎಚ್ಚರವಾಗಿ ಮಲಗಿರುತ್ತಿದ್ದೆ.

ಈ ಹಟಕ್ಕೆ ಬೆಲೆ ತೆರಬೇಕಾದದ್ದು ಮಹಾಲಿಂಗಪುರದಲ್ಲಿ. ಗೆಲ್ಲಲು ಬೇಕಿದ್ದ ಕೊನೆಯ ಎರಡು ರನ್ನನ್ನು ಎದುರಿನವರು ಓಡಿದ್ದು ನನ್ನ ಕಡೆಗೇ ಹೊಡೆದು. ಒಂದು ಸರಿಯಾದ ಎಸೆತ ಸಾಕಿತ್ತು. ಕೈ ಎತ್ತಿಯೇ ಬಿಟ್ಟಿದ್ದೆ. ಗೆರೆಯಾಚೆ ಬೆಲ್ಲದ ಗಾಡಿಯ ಮೇಲೆ ಕೂತ ಮಂದಿಯಲ್ಲಿ ಜಮಖಂಡಿಯ ಕ್ಲಬ್ಬಿನ ಇಬ್ಬರನ್ನು ಕಂಡೆ. ಕೈ ಇಳಿಸಿ, ಚೆಂಡು ಉರುಳಿಸಿದೆ. ಸೋತೆವು. ಬಸ್ಸಿನಲ್ಲಿ ಯಾರೂ ನನ್ನ ಪಕ್ಕಕ್ಕೆ ಕೂರಲಿಲ್ಲ. ಮಾರನೆಯ ದಿನ ಸಾವಕಾರರು ಬಣ್ಣದ ಮನೆಗೆ ಬಂದು, ಲಡಿಯ ನೀರು ಹಿಂಡುತ್ತಿದ್ದ ನನ್ನ ಎದುರು ನಿಂತು ಹೇಳಿದರು.

“ನಿನ್ನ ಮ್ಯಾಲ ನನಗ ಸಿಟ್ಟಿಲ್ಲಪಾ. ಆದ್ರ ಒಗ್ಯಾಕ ಬರಲಾರದಾವನ್ನ ಗೆರಿಗೆ ನಿಲ್ಲಿಸಿದ್ರ ಮಂದಿ ನನಗ ನಗತಾರ. ಜಮಖಂಡಿ ಮ್ಯಾಚ್ ಒಂದು ಆಡು. ಆಮ್ಯಾಲ ಬ್ಯಾರೆ ಕಡೆ ನೋಡ್ಕೋ.”

ನಿಜ ಹೇಳಿಬಿಡಬಹುದಿತ್ತು. ಹೇಳಿದ್ದರೆ ಸಂಜೆಯೊಳಗೆ ಓಣಿಯ ಮಗ್ಗ ಮಗ್ಗಕ್ಕೂ ಗೊತ್ತಾಗುತ್ತಿತ್ತು, ಮುಂಜಾನೆ ಸೀರೆಯ ಗಂಟಿನೊಂದಿಗೆ ಜಮಖಂಡಿಗೆ ಹೋಗುತ್ತಿತ್ತು. “ಆಗಲಿ ಸಾವಕಾರ್ರ,” ಅಂದೆ. ಕೆಲಸ, ಮನೆ, ನಲವತ್ತು ದಾಟಿದ ಮೇಲೆ ಮತ್ತೆ ಊರೂರು ತಿರುಗುವುದು, ಎಲ್ಲವೂ ಒಂದು ಎಸೆತಕ್ಕೆ ಬಂದು ನಿಂತಿತು.

ಮ್ಯಾಚಿನ ದಿನ, ಮೊದಲು ಹೇಳಿದ ಕೆಲಸಗಳನ್ನೆಲ್ಲ ಮುಗಿಸಿ ಮೈದಾನಕ್ಕೆ ಹೋದೆ. ಮ್ಯಾಟನ್ನು ನೋಡಬೇಕಿತ್ತು. ನಮ್ಮ ಕಡೆ ಹುಲ್ಲಿನ ಪಿಚ್ಚು ಇರಲಿಲ್ಲ. ಗರಸು ಮಣ್ಣು ಬಡಿದು ಗಟ್ಟಿ ಮಾಡಿ, ಮೇಲೆ ತೆಂಗಿನ ನಾರಿನ ಉದ್ದನೆಯ ಚಾಪೆ ಬಿಗಿದು, ಸುತ್ತ ಗೂಟ ಹೊಡೆಯುವುದು. ಅದಕ್ಕೇ ಮ್ಯಾಟು ಅನ್ನುತ್ತೇವೆ. ನನ್ನ ಎಸೆತ ಪುಟಿಯಬೇಕಾದದ್ದು ಅದರ ಮೇಲೆ, ಸ್ಟಂಪಿಗೆ ಸ್ವಲ್ಪ ಈಚೆ. ದೂರದಿಂದ ನೋಡಿದಾಗಲೇ ಅದು ಮಿರಿಮಿರಿ ಮಿಂಚುತ್ತಿತ್ತು. ಹತ್ತಿರ ಹೋಗಿ ಬೆರಳಿಟ್ಟೆ. ಅಂಟಿತು.

ಮಗ್ಗದ ಹಾಸುನೂಲಿಗೆ ಗಂಜಿ ಹೊಡೆಯುವ ಹಿರಿಯರು ಬಳಿಯುವ ಕುಂಚಿಗೆ ತೊಳೆಯುತ್ತ ಅಲ್ಲೇ ಕೂತಿದ್ದರು. ಬೆಳಗಿನ ಜಾವ ಇಡೀ ಓಣಿಯ ಗಂಡಸರು ಬಂದು, ಓಣಿಯಲ್ಲಿ ನೂಲು ಹಾಸಿ ಗಂಜಿ ಬಳಿಯುವ ಹಾಗೆಯೇ, ಮ್ಯಾಟಿನ ಎರಡು ಬದಿಗೆ ನಿಂತು ಗಂಜಿ ಬಳಿದಿದ್ದರು. ಇದೇನು ಮಾಡಿದಿರಿ ಎಂದು ಕೇಳಿದೆ.

“ಎಳಿ ಎದ್ದು ನಿಂತಿದ್ವು,” ಅಂದರು, ನನಗೆ ಬುದ್ಧಿ ಕಡಿಮೆ ಎನ್ನುವ ಹಾಗೆ ನೋಡಿ. “ಬೀಗರು ಬರಾಕತ್ತಾರ. ಎಳಿ ಎದ್ದಿದ್ದನ್ನ ಹಾಂಗ ಹ್ಯಾಂಗ ಹಾಸೋದು?”

ನೇಕಾರರ ಊರು. ನೂಲು ಎದ್ದದ್ದು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಮುಂಜಾನೆ ಬ್ಯಾಟು ಹಿಡಿದವರು ನಾವು. ಹಸಿ ಗಂಜಿಯ ಮೇಲೆ ಚೆಂಡು ಬಿದ್ದಲ್ಲೇ ಕೂರುತ್ತಿತ್ತು, ಬ್ಯಾಟಿಗೆ ಬರುತ್ತಲೇ ಇರಲಿಲ್ಲ. ಹೇಳಿಕೊಳ್ಳುವಂಥ ರನ್ನು ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಿಸಿಲಿಗೆ ಗಂಜಿ ಒಣಗಿ ಮ್ಯಾಟು ಸಂಡಿಗೆಯಂತೆ ಸೆಟೆದುಕೊಂಡಿತು. ಆಗ ಬ್ಯಾಟು ಹಿಡಿದವರು ಅವರು. ಚೆಂಡು ನೆಟ್ಟಗೆ, ಹೇಳಿದ ಮಾತು ಕೇಳುವ ಮಗನ ಹಾಗೆ ಬ್ಯಾಟಿಗೆ ಬಂತು. ನಮ್ಮವರೇ ಬಳಿದ ಗಂಜಿ ಬೀಗರ ಊಟಕ್ಕಾಯಿತು.

ಅವರ ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ನಮ್ಮವನೊಬ್ಬ ಕೀಪರನ ಕಡೆಗೆ ಪುಟಿಸಿ ಒಗೆದ. ಚೆಂಡು ಗಂಜಿಯ ಮೇಲೆ ಬಿದ್ದದ್ದೇ ಮಿಡತೆಯಂತೆ ಜಿಗಿದು ಕೀಪರನ ತಲೆ ದಾಟಿ ಆಚೆಯ ಗೆರೆಗೆ ಹೋಯಿತು. ದೂರದ ಗೆರೆಯಿಂದ ನಾನು ಅದನ್ನು ನೋಡಿದೆ. ಒಂದು ವರ್ಷ ಕಲಿತ ಎಸೆತ ಈ ಮ್ಯಾಟಿನ ಮೇಲೆ ನಡೆಯುವಂತಿರಲಿಲ್ಲ. ಇನ್ನು ಉಳಿದದ್ದು ಒಂದೇ, ಪುಟಿಸದೆ ನೇರ ಸ್ಟಂಪಿಗೆ ಒಗೆಯುವುದು. ಅಂಥದ್ದನ್ನು ಅರಮನೆಯ ಕಾಲದಲ್ಲಿ ಒಗೆದಿದ್ದೆ, ವಯಸ್ಸಿದ್ದಾಗ. ಎಲುಬು ಕಟ್ಟುವವನು ಹರಿಯುತ್ತದೆ ಎಂದಿದ್ದು ಅದನ್ನೇ.

ಚಹಾದ ವಿರಾಮದಲ್ಲಿ ಬೇವಿನ ಗಿಡದ ಕೆಳಗೆ ಕೂತು ಭುಜ ಮುಟ್ಟಿ ನೋಡಿಕೊಂಡೆ. ಈ ಭುಜ ಇದ್ದರೆ ನಾಳೆ ಇನ್ನೊಂದು ಊರಲ್ಲಿ ಇನ್ನೊಂದು ಟೀಮು ಸಿಗಬಹುದು. ಎದುರಿಗೆ ವಕೀಲರು ಖುರ್ಚಿಯಲ್ಲಿ ಕೂತು ನನ್ನ ಪಟ್ಟಿ ತೋರಿಸಿ ಪಕ್ಕದವರಿಗೆ ಏನೋ ಹೇಳಿದರು. ಪಕ್ಕದವರು ನಕ್ಕರು. ಅದೇ ನಗು. ಅಲ್ಲಿಗೆ ತೀರ್ಮಾನವಾಯಿತು.

ಇನ್ನೊಂದು ತೊಡಕಿತ್ತು. ನಮ್ಮ ಕೀಪರು, ಮಗ್ಗದ ಕೆಲಸದ ಹುರುಪಿನ ಆಳು, ಚೆಂಡು ನನ್ನ ಕೈಗೆ ಬಂತೆಂದರೆ ಸ್ಟಂಪು ಬಿಟ್ಟು ಅರ್ಧ ದಾರಿ ಎದುರು ಬರುವ ರೂಢಿ ಮಾಡಿಕೊಂಡಿದ್ದ. ಅವನನ್ನು ಕರೆದು, ವಕೀಲರು ನನ್ನ ಕಡೆ ಹೊಡೆದು ಎರಡನೆಯದಕ್ಕೆ ತಿರುಗಿದರೆ ಸ್ಟಂಪು ಬಿಟ್ಟು ಕದಲಬೇಡ ಎಂದು ಹೇಳಿದೆ.

ಅವನು ಹಲ್ಲು ಬಿಟ್ಟ. “ಕಾಕಾ, ನೀವು ಮಹಾಲಿಂಗಪುರದಾಗ ಒಗದ ಚೆಂಡು ಇನ್ನೂ ಬರಾಕತ್ತೈತಿ. ಅದು ಬರಲಿ ಮೊದಲ.”

“ಎರಡೂ ಕೂಡೇ ಬರತಾವ. ನೀ ನಿಂತಿರು.”

ಚಹಾ ಆದ ಮೇಲೆ ವಕೀಲರ ಜೊತೆಯ ಬ್ಯಾಟಿನವನು ನನ್ನ ಕಡೆ ಹೊಡೆದ. ಒಂದು ಓಡಿದರು, ನನ್ನ ಉರುಳುವ ಚೆಂಡು ನೋಡಿ ಎರಡನೆಯದೂ ಓಡಿದರು. ದೂರದ ತುದಿಗೆ ಬಂದವನು ಆ ಜೊತೆಗಾರ. ಅವನನ್ನು ಅಲ್ಲೇ ಕೆಡವಬಹುದಿತ್ತು. ನನಗೆ ಅವನು ಬೇಕಾಗಿರಲಿಲ್ಲ. ನಮ್ಮ ಮಂದಿ ಗೆರೆಯ ಆಚೆಯಿಂದ ನನ್ನ ಅಪ್ಪ ಅಜ್ಜನನ್ನು ನೆನೆದರು. ಯಾರೋ ಒಬ್ಬ ನನ್ನ ಬೆನ್ನಿಗೆ ಶೇಂಗಾದ ಸಿಪ್ಪೆ ಒಗೆದ. ತಿರುಗಿ ನೋಡಲಿಲ್ಲ. ಆಮೇಲೆ ವಕೀಲರು ಹೊಡೆದು ಎರಡು ಓಡಿದರು, ಓಡಿದ್ದು ಪೂರ್ತಿ ಜೋರಿನಿಂದ. ಅದನ್ನೂ ಬಿಟ್ಟೆ. ಇನ್ನೊಮ್ಮೆ ಹೊಡೆದಾಗ ಎರಡನೆಯ ರನ್ನು ಅರ್ಧ ನಡಿಗೆಯಲ್ಲಿ ಮುಗಿಸಿದರು. ಮುಗಿಸಿ, ನನ್ನ ಕಡೆ ತಿರುಗಿ ಬ್ಯಾಟು ಎತ್ತಿ ಸಲಾಮು ಮಾಡಿದರು.

ಗೆಲ್ಲಲು ಅವರಿಗೆ ಇನ್ನು ಬೆರಳೆಣಿಕೆಯ ರನ್ನು. ಅವರೊಬ್ಬರು ಹೋದರೆ ಹಿಂದಿನವರಿಗೆ ಬ್ಯಾಟು ಹಿಡಿಯುವುದು ಅಷ್ಟಾಗಿ ಗೊತ್ತಿರಲಿಲ್ಲ. ಮತ್ತೆ ನೆಟ್ಟಗೆ ಹೊಡೆದರು. ಚೆಂಡು ಬೌಲರನನ್ನು ದಾಟಿ ಗರಸಿನ ಮೇಲೆ ಧೂಳೆಬ್ಬಿಸುತ್ತ ನನ್ನ ಎಡಕ್ಕೆ ಬಂತು. ಮೊದಲನೆಯ ರನ್ನು ಮುಗಿಸಿ, ಬ್ಯಾಟನ್ನು ಕಂಕುಳಲ್ಲಿಟ್ಟ ಛತ್ರಿಯ ಹಾಗೆ ಹಿಡಿದು, ಎರಡನೆಯದಕ್ಕೆ ಹೊರಟರು. ನಡೆಯುತ್ತಿದ್ದರು.

ಚೆಂಡು ಎತ್ತಿಕೊಂಡೆ. ಒಂದು ವರ್ಷ ನನ್ನ ಕಣ್ಣಿನಲ್ಲಿ ಆ ಮನುಷ್ಯನ ಬೆನ್ನೇ ಇತ್ತು. ಕುರಿಯನ್ನು ನೋಡುತ್ತ ಒಗೆದರೆ ಕಲ್ಲು ಕುರಿಗೇ ಬೀಳುತ್ತದೆ, ಕುರಿ ಹೋಗಿ ಮುಟ್ಟುವ ಜಾಗ ನೋಡು ಎಂದು ಅಪ್ಪ ಹೇಳುತ್ತಿದ್ದ. ಬೆನ್ನನ್ನು ಬಿಟ್ಟು ನಡುವಿನ ಸ್ಟಂಪನ್ನು ನೋಡಿದೆ. ಎಡಗಾಲು ಮುಂದಿಟ್ಟು, ಸೊಂಟ ತಿರುಗಿಸಿ, ಇದ್ದದ್ದನ್ನೆಲ್ಲ ಹಾಕಿ ಒಗೆದೆ. ಭುಜದೊಳಗೆ ಹಸಿ ದಂಟು ಮುರಿದ ಸದ್ದಾಯಿತು. ಅದು ನನಗೊಬ್ಬನಿಗೇ ಕೇಳಿತು.

ಚೆಂಡು ಬೌಲರನ ತಲೆಯ ಮೇಲಿಂದ, ವಕೀಲರ ಕಿವಿಯ ಪಕ್ಕದಿಂದ ಹೋಯಿತು. ಎಲ್ಲಿಯೂ ನೆಲ ಮುಟ್ಟಲಿಲ್ಲ. ಕೀಪರು ರೂಢಿಯಂತೆ ಎರಡು ಹೆಜ್ಜೆ ಮುಂದೆ ಬಂದೇ ಬಿಟ್ಟಿದ್ದ. ಅವನ ಬಗಲಿನಿಂದ ನುಸುಳಿ ನಡುವಿನ ಸ್ಟಂಪಿಗೆ ಬಡಿಯಿತು. ವಕೀಲರು ಇನ್ನೂ ಕ್ರೀಸಿನ ಗೆರೆಯಿಂದ ಒಂದು ಮಾರು ಈಚೆ ಇದ್ದರು, ಬ್ಯಾಟು ಕಂಕುಳಲ್ಲೇ ಇತ್ತು. ಅಂಪೈರು ಲೋಕಾಪುರದ ಮಾಸ್ತರರು, ಬೆರಳೆತ್ತುವ ಮೊದಲು ಒಮ್ಮೆ ನನ್ನನ್ನೇ ನೋಡಿದರು. ಆಮೇಲೆ ಬಂದ ಗದ್ದಲದಲ್ಲಿ ಕೀಪರು, “ನಾ ಬೇಕಂತ ಬಿಟ್ಟೆ, ನಾ ಬೇಕಂತ ಬಿಟ್ಟೆ,” ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ. ಇಂದಿಗೂ ಹಾಗೇ ಹೇಳುತ್ತಾನೆ.

ಉಳಿದವರು ಬಂದ ದಾರಿಯಲ್ಲೇ ಹೋದರು. ಗೆದ್ದೆವು.

ಬೇವಿನ ಗಿಡದ ಕೆಳಗೆ ಎರಡೂ ಕಡೆಯ ಮಂದಿ ಸೇರಿದಾಗ ವಕೀಲರು ಎಲ್ಲರ ಎದುರು ನನ್ನ ಹತ್ತಿರ ಬಂದರು. ಕೋರ್ಟಿನ ಮನುಷ್ಯ, ಸೋತದ್ದನ್ನು ಮುಖದ ಮೇಲೆ ತರಲಿಲ್ಲ. “ಶಾಭಾಸ್. ನಿನ್ನ ಭುಜ ಹೋಗೈತಿ ಅಂತ ಕೇಳಿದ್ದೆ,” ಅಂದರು.

“ಕಣ್ಣು ಹೋಗ್ಯಾವ ಅಂತ ನೀವು ಅಂದಿದ್ರಿ ಸಾಹೇಬ್ರ. ಭುಜ ಹೋಗೈತಿ ಅಂತ ನಾ ಅಂದೆ. ನಿಮ್ಮ ಮಾತು ನಂಬಿದ ಮಂದಿನ ನನ್ನ ಮಾತೂ ನಂಬಿತು.”

ಈ ಸಲ ಮಂದಿ ನಕ್ಕದ್ದು ಬೇರೆ ಕಡೆ ಮುಖ ಮಾಡಿ. ವಕೀಲರ ಕಿವಿ ಕೆಂಪಾಯಿತು. ಆದರೂ ಮುಂದಿನ ವರ್ಷ ಜಮಖಂಡಿಗೆ ತಿರುಗಿ ಬಾ ಎಂದು ಕರೆದರು, ಬೂಟು ಕೂಡ ಕೊಡಿಸುತ್ತೇನೆ ಅಂದರು. ನಿಮ್ಮ ಬೂಟು ನನಗೆ ಸಣ್ಣವಾಗುತ್ತವೆ ಅಂದೆ. ಆಗ ಅವರು ಕೈ ಮುಂದೆ ಚಾಚಿದರು. ನಾನು ನನ್ನ ಕೈ ಎತ್ತಲಿಲ್ಲ. ಅವರ ಕೈ ಅಷ್ಟು ಮಂದಿಯ ನಡುವೆ ಹಾಗೇ ನಿಂತಿತ್ತು, ಆಮೇಲೆ ಮೆಲ್ಲಗೆ ಕಿಸೆಯೊಳಗೆ ಹೋಯಿತು. ವಕೀಲರು ಚಾಚಿದ ಕೈಯನ್ನು ಬನಹಟ್ಟಿಯ ಕುರಿಯವನು ಮುಟ್ಟಲಿಲ್ಲ ಎಂಬ ಮಾತು ಆ ದಿನದ ಕೊನೆಯ ಬಸ್ಸಿಗೇ ಜಮಖಂಡಿ ಸೇರಿತು. ಖರೆ ಏನೆಂದರೆ ಕೈ ಏಳುತ್ತಿರಲಿಲ್ಲ. ನಾನು ಯಾರಿಗೂ ಅದನ್ನು ಹೇಳಲಿಲ್ಲ.

ಸಾವಕಾರರು ಕೆಲಸ ಬಿಡಿಸಲಿಲ್ಲ. ಮತ್ತೆ ನಾನು ಒಗೆಯಲಾರೆ ಎಂದು ತಿಳಿದ ಮೇಲೆಯೂ ಬಿಡಿಸಲಿಲ್ಲ. ಮ್ಯಾಟು ಹಾಸಿಸುವ ಕೆಲಸ ನನಗೆ ಕೊಟ್ಟರು. ಮ್ಯಾಚಿನ ಮುಂಜಾನೆ ಹೋಗಿ, ಕುಂಚಿಗೆ ಹಿಡಿದವರು ಯಾರೂ ಹತ್ತಿರ ಬರದಂತೆ ಕಾಯುತ್ತೇನೆ.

ಅಂದು ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆ. ಮನೆಯಾಕೆ ಅಂಗಿ ಬಿಚ್ಚಿಸಿ, ಹುಸಿಯಾಗಿ ಕಟ್ಟಿದ್ದ ಪಟ್ಟಿಯನ್ನು ಸಡಿಲಿಸಿ, ಊದಿದ ಭುಜ ನೋಡಿ, ಅದೇ ಪಟ್ಟಿಯನ್ನು ಬಿಗಿಯಾಗಿ ತಿರುಗಿ ಕಟ್ಟಿದಳು. “ಮನಸ್ಸಿಗೆ ಸಮಾಧಾನ ಆತೇನ್ರಿ?” ಅಂದಳು. “ಆತು,” ಅಂದೆ. “ಮತ್ತ ಭುಜ?” ಅಂದಳು. “ಹೋತು.” ಅವಳು ಎದ್ದು ಒಲೆಯ ಕಡೆ ಹೋದಳು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಎಡಗೈಯಿಂದ ರೊಟ್ಟಿ ಮುರಿಯಲು ಆಗಲಿಲ್ಲ. ಅವಳೇ ಮುರಿದು, ಮೊಸರಿನಲ್ಲಿ ಕಲಸಿ, ಮುಂದಿಟ್ಟಳು. ತಿಂದೆ. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡು ತಿಂದೆ. ಅವಳು ಪಾತ್ರೆ ತೊಳೆದು, ಎಮ್ಮೆಯ ಮುಂದೆ ಹುಲ್ಲು ಹಾಕಿ ಬರುವಷ್ಟರಲ್ಲಿ ನಾನು ಕಂಬಳಿಯ ಮೇಲೆ ನಿದ್ದೆ ಹೋಗಿದ್ದೆನಂತೆ. ಬನಹಟ್ಟಿಗೆ ಬಂದ ಮೇಲೆ ಅವಳಿಗಿಂತ ಮೊದಲು ನಾನು ಮಲಗಿದ್ದು ಅಂದೇ.